ಕತ್ತರಿಸಿ ಹಾಕಿದ ಆರು ನಿಮಿಷ

ವಾಹಿನಿಯ ಯಜಮಾನರು ಒಪ್ಪಿಸಿದ ಕೆಲಸ ಕೇಳುವುದಕ್ಕೆ ಸುಲಭವಾಗಿತ್ತು. ಇಬ್ಬರು ನಿರೂಪಕರು, ತಲಾ ಎರಡು ಕಂತು, ಒಟ್ಟು ನಾಲ್ಕು ಶುಕ್ರವಾರ. ಅದಾದ ಮೇಲೆ ಒಬ್ಬರನ್ನು ಉಳಿಸಿಕೊಂಡು ಇನ್ನೊಬ್ಬರಿಗೆ ಶಾಲು ಹೊದಿಸಿ ಕಳಿಸುವುದು. ಯಾರನ್ನು ಉಳಿಸಿಕೊಳ್ಳಬೇಕು ಅಂತ ನಾನು ಹೋಲಿಸಿ ನೋಡಿ ಎರಡು ಪುಟ ಬರೆದುಕೊಡಬೇಕು. ಮಂಡ್ಯದ ನಮ್ಮ ಪುಟ್ಟ ಕೇಬಲ್ ವಾಹಿನಿಯಲ್ಲಿ ಸ್ಕ್ರಿಪ್ಟು ತಿದ್ದುವವಳೂ ನಾನೇ, ಎಡಿಟಿಂಗ್ ಮಾಡುವವಳೂ ನಾನೇ. ಈಗ ತೀರ್ಪು ಕೊಡುವವಳೂ ನಾನೇ ಆದೆ. ಇದರಲ್ಲಿ ಏನೋ ಎಡವಟ್ಟಿದೆ ಅಂತ ಆಗಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಒಳಗೊಳಗೇ ಹಿಗ್ಗಿದೆ.

ಕಾರ್ಯಕ್ರಮ ರಾಜಕೀಯ ಹಾಸ್ಯದ್ದು. ನಿರೂಪಕರು ಜನರ ಮುಂದೆ ಕೂತು ಆ ವಾರದ ಜಿಲ್ಲೆಯ ಸುದ್ದಿ ಹಿಡಿದು ನಗಿಸುತ್ತಾ ಕುಟುಕಬೇಕು. ನಮ್ಮ ವಾಹಿನಿಯಲ್ಲಿ ಯಾರೂ ಮಾಡಿದ್ದಲ್ಲ, ಹಾಗಾಗಿ ಹದಿನೈದು ದಿನ ಹೊರಗಿನವರದ್ದನ್ನು ನೋಡಿದೆ. ಇಂಗ್ಲಿಷಿನದು, ಹಿಂದಿಯದು, ತಮಿಳಿನದು, ಸಿಕ್ಕಿದ್ದೆಲ್ಲ. ಕೆಲವರು ಸೂಟು ಹಾಕಿಕೊಂಡು ಮೇಜಿನ ಹಿಂದೆ ಕೂರುತ್ತಾರೆ. ಪಕ್ಕದ ಪರದೆಯಲ್ಲಿ ಕಾಗದಪತ್ರದ ಸಾಕ್ಷಿ ತೋರಿಸುತ್ತಾ ನಿಧಾನವಾಗಿ ಸಿಟ್ಟಾಗುತ್ತಾ ಹೋಗುತ್ತಾರೆ. ನೋಡುವವರು ಉಸಿರು ತೆಗೆದುಕೊಳ್ಳಲಿ ಅಂತ ಮಧ್ಯೆ ಮಧ್ಯೆ ಒಂದು ನಗು ಕೊಡುತ್ತಾರೆ. ಕೆಲವರು ಮೈಕು ಹಿಡಿದು ವೇದಿಕೆ ಪೂರ್ತಿ ಓಡಾಡುತ್ತಾರೆ, ಮಂತ್ರಿಗಳ ದನಿ ಅನುಕರಿಸಿ ಆಡಿಕೊಳ್ಳುತ್ತಾರೆ. ಇನ್ನು ಕೆಲವರು ಅತಿಥಿಯನ್ನು ಸೋಫಾದ ಮೇಲೆ ಕೂರಿಸಿ, ನೀರು ಕೊಟ್ಟು, ನಗುನಗುತ್ತಲೇ ಚರ್ಮ ಸುಲಿಯುತ್ತಾರೆ.

ನಾನು ನೋಟ್‌ಬುಕ್ಕಿನಲ್ಲಿ ಕಾಲಂ ಎಳೆದೆ. ಮಾತಿಗೂ ನಗುವಿಗೂ ನಡುವೆ ಎಷ್ಟು ಸೆಕೆಂಡು. ನಿರೂಪಕರು ತಮ್ಮ ಮಾತಿಗೆ ತಾವೇ ನಗುತ್ತಾರೋ ಇಲ್ಲವೋ. ಏಟು ಬಿದ್ದದ್ದು ಯಾರಿಗೆ. ನಿಮಿಷಕ್ಕೆ ಎಷ್ಟು ಸಲ ಜನ ನಕ್ಕರು. ಈ ಕೊನೆಯ ಕಾಲಂ ಮೇಲೆ ನನಗೆ ಬಹಳ ಪ್ರೀತಿ ಬಂತು. ನಗುವನ್ನು ಎಣಿಸಬಹುದು ಅಂತ ಗೊತ್ತಾದ ಮೇಲೆ ಬೇರೆ ಏನನ್ನೂ ನೋಡಬೇಕು ಅನಿಸಲಿಲ್ಲ.

ಮೊದಲನೆಯ ನಿರೂಪಕಿ ಮಳವಳ್ಳಿಯವರು, ನಿವೃತ್ತ ಹೈಸ್ಕೂಲ್ ಟೀಚರ್. ಇಸ್ತ್ರಿ ಮಾಡಿದ ಕಾಟನ್ ಸೀರೆ, ಎದುರಿಗೆ ಮೇಜು, ಕೈಯಲ್ಲಿ ಕೆಂಪು ಪೆನ್ನು. ಮುಖಂಡರ ಭಾಷಣಗಳನ್ನು ಉತ್ತರಪತ್ರಿಕೆಯ ಹಾಗೆ ತಿದ್ದುವುದು ಅವರ ಕ್ರಮ. "ಮಾನ್ಯರಿಗೆ ಕೇಳಿದ ಪ್ರಶ್ನೆ ನಾಲೆಯ ನೀರಿನದು. ಅವರು ಬರೆದ ಉತ್ತರ ರಸ್ತೆಯದು. ಹಾಳೆ ಖಾಲಿ ಬಿಟ್ಟಿಲ್ಲವಾದ್ದರಿಂದ ಎರಡು ಅಂಕ ಕೊಡೋಣ" ಅನ್ನುತ್ತಿದ್ದರು. ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ಬಹುವಚನ ಬಿಟ್ಟು ಮಾತಾಡಿದ್ದೇ ಇಲ್ಲ. ಮರ್ಯಾದೆ ಹೆಚ್ಚಾದಷ್ಟೂ ಏಟು ಆಳಕ್ಕಿಳಿಯುತ್ತಿತ್ತು. ನಮ್ಮ ಕಚೇರಿಯ ಮೇಲಿನ ಕೋಣೆಯಲ್ಲಿ ಇಪ್ಪತ್ತು ಪ್ಲಾಸ್ಟಿಕ್ ಕುರ್ಚಿ ಹಾಕಿ, ಕೆಳಗಿನ ಟೈಲರ್ ಅಂಗಡಿಯವರು, ಕ್ಯಾಂಟೀನಿನವರು, ಹತ್ತಿರದ ಹಾಸ್ಟೆಲ್ಲಿನ ಹುಡುಗಿಯರು, ಹೀಗೆ ಜನ ಕೂಡಿಸಿದ್ದೆವು. ಟೀಚರ್ ಮಾತಿಗೆ ಅವರು ಒಂದು ಕ್ಷಣ ಅಕ್ಕಪಕ್ಕ ನೋಡಿ ಆಮೇಲೆ ನಗುತ್ತಿದ್ದರು, ತರಗತಿಯಲ್ಲಿ ನಗಬಹುದೋ ಬಾರದೋ ಅನ್ನುವವರಂತೆ.

ಎರಡನೆಯವರು ಮದ್ದೂರಿನ ಸ್ಕೂಟರ್ ಮೆಕ್ಯಾನಿಕ್, ಬೆಸಗರಹಳ್ಳಿ ಕಡೆಯ ರಸ್ತೆಯಲ್ಲಿ ಅಂಗಡಿ. ಮುಸ್ಲಿಮರು, ಐವತ್ತು ದಾಟಿದವರು. ಊರಿಗೆಲ್ಲ ಅವರು ಭಾಯಿ. ಒಂದು ಸಲ ನನ್ನ ಸ್ಕೂಟಿ ಬಿಚ್ಚಿ ಹರಡಿಕೊಂಡು ಅವರು ಸರ್ಕಾರ ರಚನೆಯ ಬಗ್ಗೆ ಮಾತಾಡಿದ್ದನ್ನು ಕೇಳಿ ನಾನೇ ಹುಡುಕಿ ತಂದಿದ್ದೆ. ಅವರಿಗೆ ಮೇಜು ಬೇಡ. ಒಂದು ಸ್ಟೂಲು, ಎದುರಿಗೆ ಬಿಚ್ಚಿಟ್ಟ ಇಂಜಿನ್, ಕೈಯಲ್ಲಿ ಸ್ಪ್ಯಾನರು. ಮೊದಲು ತಮ್ಮನ್ನೇ ಆಡಿಕೊಳ್ಳುವರು, ಆಮೇಲೆ ತಮ್ಮ ಬೀದಿಯನ್ನು, ಆಮೇಲೆ ಮುಖಂಡರನ್ನು. ತಮ್ಮ ಮಾತಿಗೆ ತಾವೇ ಮೊದಲು ನಗುವರು. ಜನ ಸುಮ್ಮನೆ ನಕ್ಕು ಬಿಡುತ್ತಿರಲಿಲ್ಲ, ಕೂತಲ್ಲಿಂದಲೇ ಉತ್ತರ ಕೊಡುತ್ತಿದ್ದರು.

ಅವರದ್ದೊಂದು ಪದ್ಧತಿ ಇತ್ತು. ಯಾರ ಮೇಲೆ ಮಾತಾಡುತ್ತಾರೋ ಅವರನ್ನು ಅಲ್ಲೇ ಮಾತಾಡಿಸಬೇಕು. ತಮ್ಮ ಮೊದಲ ಕಂತಿನಲ್ಲಿ ನಮ್ಮ ಯಜಮಾನರನ್ನೇ ಕೆಣಕಿ, ಪಕ್ಕದ ಕೋಣೆಯಿಂದ ಕರೆಸಿ, ಎದುರಿಗೆ ನಿಲ್ಲಿಸಿ ಇನ್ನೊಂದು ಸಲ ಅದನ್ನೇ ಹೇಳಿದರು. ಯಜಮಾನರೂ ತಿರುಗಿಸಿ ಕೊಟ್ಟರು. ಯಜಮಾನರ ಮುಖ ಟೀವಿಯಲ್ಲಿ ಬರುವುದಾದ್ದರಿಂದ ನಾನು ಅದನ್ನು ಕತ್ತರಿಸಲಿಲ್ಲ. ನಮ್ಮ ಸೀಮೆಯಲ್ಲಿ ಹುಟ್ಟಿದವಳಾಗಿ ಆ ಪದ್ಧತಿಯ ಅರ್ಥ ನನಗೆ ಗೊತ್ತಿರಬೇಕಿತ್ತು. ಮುಖಕ್ಕೆ ಹೊಡೆದ ಹಾಗೆ ಎಷ್ಟು ಬೇಕಾದರೂ ಬೈಯಬಹುದು ಇಲ್ಲಿ, ಬೈಸಿಕೊಂಡವನು ಎದುರಿಗಿದ್ದು ತಿರುಗಿ ಬೈಯಬೇಕು, ಅಷ್ಟೆ. ಅದನ್ನು ಯಾರೂ ಜಗಳ ಅನ್ನುವುದಿಲ್ಲ. ನಾನು ಮಾತ್ರ ಅದನ್ನು "ಶೈಲಿ" ಅನ್ನುವ ಕಾಲಮ್ಮಿನಲ್ಲಿ ಬರೆದುಕೊಂಡೆ.

ನಾಲ್ಕನೆಯ ಶುಕ್ರವಾರದ ಕಂತು ಭಾಯಿಯದು. ವಿಷಯ, ಹತ್ತಿರದ ಹಳ್ಳಿಯೊಂದರ ಕುಡಿಯುವ ನೀರಿನ ಘಟಕ. ಅಲ್ಲಿನ ಪಂಚಾಯ್ತಿ ಸದಸ್ಯರೊಬ್ಬರು ಅದಕ್ಕೆ ಮೂರು ಸಲ ಉದ್ಘಾಟನೆಯ ಟೇಪು ಕತ್ತರಿಸಿದ್ದರು. ಕಟ್ಟಡಕ್ಕೊಂದು ಸಲ, ಟ್ಯಾಂಕಿಗೊಂದು ಸಲ, ಬೋರ್ಡಿಗೊಂದು ಸಲ. ನೀರು ಬಂದಿರಲಿಲ್ಲ. ಈ ಸದಸ್ಯರು ಭಾಯಿಗೆ ಬೇರೆ ಯಾರೋ ಅಲ್ಲ. ದಿನಾ ಬೆಳಗ್ಗೆ ಮದ್ದೂರಿಗೆ ಬಂದು ಭಾಯಿಯ ಅಂಗಡಿ ಮುಂದಿನ ಬೆಂಚಿನಲ್ಲಿ ಪೇಪರು ಓದಿ, ಟೀ ಕುಡಿದು ಹೋಗುವ ಇಪ್ಪತ್ತು ವರ್ಷದ ಗೆಳೆಯ.

"ಗಾಡಿಗೆ ಹಾರ ಆಕವ್ರೆ, ನಿಂಬೆಹಣ್ಣು ಮಡಗವ್ರೆ, ಊದುಬತ್ತಿ ಅಚ್ಚವ್ರೆ," ಅಂದರು ಭಾಯಿ, ಎದುರಿಗಿದ್ದ ಇಂಜಿನ್ನಿಗೆ ಸ್ಪ್ಯಾನರು ತಟ್ಟುತ್ತಾ. "ಇಂಜಿನ್ ಮಾತ್ರ ಸೋರೂಮಲ್ಲೇ ಬುಟ್ಬಂದವ್ರೆ."

ಇಪ್ಪತ್ತು ಕುರ್ಚಿಯೂ ಅಲುಗಿದವು. ಹಿಂದೆಯೇ ಭಾಯಿ ಫೋನು ತೆಗೆದು ಸ್ಪೀಕರ್ ಒತ್ತಿ ಸದಸ್ಯರಿಗೆ ಅದೇ ಮಾತನ್ನು ಅಕ್ಷರ ಬಿಡದೆ ಒಪ್ಪಿಸಿದರು.

"ಲೇ ಭಾಯಿ," ಅಂತ ಆ ಕಡೆಯಿಂದ ದನಿ ಬಂತು. "ನನ್ ಗಾಡಿ ಬ್ರೇಕ್‌ನ ನೀನು ಮೂರ್ ಸಲ ಸರಿ ಮಾಡ್ದೆ. ಇವತ್ಗೂ ಕಾಲು ನೆಲಕ್ ಕೊಟ್ಟೇ ನಿಲ್ಲುಸ್ತಾ ಇವ್ನಿ. ನಾನೇನಾದ್ರೂ ಟೀವಿಗ್ ಓಗಿದ್ನೇನ್ಲಾ?"

ಹಾಗೇ ಆರು ನಿಮಿಷ ನಡೆಯಿತು. ಕೊನೆಗೆ ಸದಸ್ಯರು ತುಸು ತಡವರಿಸಿ, "ಪೈಪು ಕೂಡ್ಸಿಲ್ಲ ಕಣ್ಲಾ, ಅದು ದಿಟ. ಬೋರ್ಡು ಆಕ್ಸಕ್ ಮುಂಚೆ ಪೈಪು ನೋಡ್ಬೇಕಿತ್ತು, ನೋಡ್ನಿಲ್ಲ" ಅಂದರು. ಕೋಣೆಯಲ್ಲಿ ಯಾರೂ ನಗಲಿಲ್ಲ. ಟೈಲರ್ ಒಬ್ಬರು, "ಒಪ್ಕಂಡ್ರಲ್ಲ, ಬುಡಿ" ಅಂದರು.

ಎಡಿಟಿಂಗಿಗೆ ಕೂತಾಗ ಮೂವತ್ತು ನಿಮಿಷ ಇತ್ತು. ನಮ್ಮ ಪ್ರಸಾರದ ಅವಧಿ ಇಪ್ಪತ್ತನಾಲ್ಕು. ನೋಟ್‌ಬುಕ್ ತೆಗೆದು ನೋಡಿದೆ. ಫೋನಿನ ಭಾಗದಲ್ಲಿ ನಗು ಕಡಿಮೆ, ದನಿ ಒಡೆದಿತ್ತು, ಕೊನೆಯಲ್ಲಂತೂ ಪೂರಾ ಮೌನ. ಹೊರಗಿನವರು ಯಾರಾದರೂ ಮೌನದ ಮೇಲೆ ಕಾರ್ಯಕ್ರಮ ಮುಗಿಸುತ್ತಾರೆಯೇ ಅಂದುಕೊಂಡೆ. ಅಲ್ಲಿಂದ ಇಲ್ಲಿಯವರೆಗೆ ಗುರುತು ಹಾಕಿ ತೆಗೆದುಹಾಕಿದೆ. ಲೆಕ್ಕ ಸರಿಯಾಗಿ ಆರು ನಿಮಿಷ. ಶೋರೂಮಿನ ಮಾತಿನ ಮೇಲೆ ಕಂತು ಮುಗಿಸಿ, ಅದರ ಬೆನ್ನಿಗೆ ಭಾಯಿಯ ಹಿಂದಿನ ಕಂತಿನಿಂದ ಒಂದು ದೊಡ್ಡ ನಗು ತಂದು ಅಂಟಿಸಿದೆ. ಬಹಳ ಚೆನ್ನಾಗಿ ಕೂತಿತು. ಭಾಯಿಗೆ ಒಂದು ಮಾತು ಹೇಳಬೇಕು ಅಂತಲೂ ನನಗೆ ಅನಿಸಲಿಲ್ಲ.

ಶುಕ್ರವಾರ ಸಂಜೆ ಪ್ರಸಾರವಾಯಿತು, ಎಂದಿನಂತೆ ನಮ್ಮ ಆನ್‌ಲೈನ್ ಪುಟಕ್ಕೂ ಹೋಯಿತು. ಶನಿವಾರ ಮಧ್ಯಾಹ್ನದ ಹೊತ್ತಿಗೆ ಆ ಕೊನೆಯ ಅರ್ಧ ನಿಮಿಷವನ್ನು ಯಾರೋ ಕತ್ತರಿಸಿ ಊರೂರಿನ ವಾಟ್ಸಾಪು ಗುಂಪುಗಳಿಗೆ ಹಾಕಿದ್ದರು. ಮೊದಲು ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ನಮ್ಮ ಪುಟದಲ್ಲಿ ಕಂತಿನ ಕೆಳಗೆ ಜನ ಬರೆದ ಮಾತುಗಳನ್ನು ಓದಿದೆ. ನೀರಿನ ಬಗ್ಗೆ ಒಂದೂ ಇರಲಿಲ್ಲ. ಎಲ್ಲ ಭಾಯಿಯ ಹೆಸರಿನ ಬಗ್ಗೆ. ನಮ್ಮವರ ಪೂಜೆ ಪುನಸ್ಕಾರ ಆಡಿಕೊಳ್ಳುವುದಕ್ಕೆ ಇವನ್ಯಾರು ಅಂತ. ಹಿಂದಿನ ವಾರ ಟೀಚರ್ ಇದಕ್ಕಿಂತ ಕಟುವಾಗಿ ಇನ್ನೊಬ್ಬ ಮುಖಂಡರ ಹೋಮವನ್ನೇ ಪರೀಕ್ಷೆಗೆ ಕೂರಿಸಿ ಸೊನ್ನೆ ಕೊಟ್ಟಿದ್ದರು. ಅವರನ್ನು ಯಾರೂ ಹಾಗೆ ಕೇಳಿರಲಿಲ್ಲ. ಇಬ್ಬರ ಶೈಲಿಯನ್ನು ಕಾಲಂ ಎಳೆದು ಹೋಲಿಸಿದವಳು ನಾನು. ಇದು ಯಾವ ಕಾಲಮ್ಮಿನಲ್ಲೂ ಇರಲಿಲ್ಲ.

ಭಾಯಿ ಫೋನು ಎತ್ತಲಿಲ್ಲ. ಸೋಮವಾರ ಮದ್ದೂರಿಗೆ ಹೋದೆ. ಅಂಗಡಿ ತೆರೆದಿತ್ತು. ಸಾಮಾನ್ಯವಾಗಿ ಏಳೆಂಟು ಗಾಡಿ ನಿಂತಿರುವ ಜಾಗದಲ್ಲಿ ಎರಡಿದ್ದವು. ಬೆಂಚು ಖಾಲಿ. ಭಾಯಿ ಒಂದು ಕಾರ್ಬುರೇಟರ್ ತೊಳೆಯುತ್ತಿದ್ದರು, ತೊಳೆದದ್ದನ್ನೇ ತೊಳೆಯುತ್ತಿದ್ದರು.

"ಬಾರಮ್ಮ, ಕೂತ್ಕೊ" ಅಂದರು. ನಾನು ಬೆಂಚಿನಲ್ಲಿ ಕೂರಲು ಹೋಗಿ ಯಾಕೋ ಕೂರಲಾಗದೆ ನಿಂತೇ ಇದ್ದೆ.

"ಸದಸ್ಯರು ಬಂದಿದ್ರಾ?"

"ಶನಿವಾರದಿಂದ ಬಂದಿಲ್ಲ. ಪೋನು ಮಾಡ್ದೆ, ಎತ್ನಿಲ್ಲ. ಒತ್ತಾರೆ ಯಾರೋ ಇಬ್ರು ಬಂದು ಅಂಗಡಿ ಮುಂದೆ ನಿಂತು ವಿಡಿಯೋ ತಕ್ಕಂಡೋದ್ರು. ಬೋರ್ಡು, ನನ್ ಮೊಕ, ಎಲ್ಲಾನೂವೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಇನ್ನಷ್ಟು ಕುಗ್ಗಿಸಿತು.

"ಟೈಮು ಸಾಕಾಗಲಿಲ್ಲ ಭಾಯಿ. ನಗು ಕಡಿಮೆ ಇರೋ ಕಡೆ ಕತ್ತರಿಸಿದೆ."

"ಕತ್ರಿ ನಿಂದು, ಬಾಯಿ ನಂದು ಕಣಮ್ಮ. ನೀನು ಎಲ್ ಬೇಕಾದ್ರೂ ಕತ್ರುಸ್ಬೌದು, ಜನ ನೋಡದು ನನ್ ಬಾಯ್ನ." ಕಾರ್ಬುರೇಟರ್ ಕೆಳಗಿಟ್ಟರು. "ನಾನು ಒಬ್ರನ್ನ ಅನ್ಬೇಕಾದ್ರೆ ಅವ್ರು ನಂಗೆ ವಾಪಸ್ ಅನ್ಬೇಕು. ಆಗ್ಲೇ ನಾವಿಬ್ರೂ ಒಂದೂರೋರು ಅಂತ ಜನಕ್ಕೆ ಕಾಣದು. ಅದ ತೆಗ್ದಾಕ್ಬುಟ್ರೆ, ಯಾರೋ ಸಾಬಿ ಕುಂತ್ಕಂಡು ಊರ ಗೌಡ್ರನ್ನ ಆಡ್ಕಂಡ ಅಂತಾಯ್ತದೆ. ಅದೇ ಆಗಿರದು."

ಕ್ಷಮಿಸಿ ಅಂದೆ. ಅವರು ಆಯ್ತು ಬುಡು ಅಂದರು. ಮಂಡ್ಯದ ಬಸ್ಸಿನಲ್ಲಿ ಕೂತು ಬರುವಾಗ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ಮಂಗಳವಾರ ಯಜಮಾನರು ಟೀಚರನ್ನೂ ನನ್ನನ್ನೂ ಕರೆಸಿದರು. ಅವರ ಮಟ್ಟಿಗೆ ಲೆಕ್ಕ ಮುಗಿದಿತ್ತು. "ಆನ್‌ಲೈನಿಂದ ಕಂತು ತೆಗ್ದಾಕಿ. ಮೇಡಂ ಒಬ್ರೇ ಮುಂದುವರೀಲಿ. ಅವರದ್ದು ಡೀಸೆಂಟಾಗಿದೆ, ತಂಟೆತಕರಾರಿಲ್ಲ. ನೀವೂ ಹಂಗೇ ಬರೆದುಕೊಟ್ಬುಡಿ" ಅಂದರು.

ಟೀಚರ್ ಪೂರ್ತಿ ರೆಕಾರ್ಡಿಂಗ್ ನೋಡಬೇಕು ಅಂದರು. ಮೂವತ್ತು ನಿಮಿಷ ಕದಲದೆ ಕೂತು ನೋಡಿದರು. ಮುಗಿದ ಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

"ನಾನು ಅಂಕ ಹಾಕಿದವರು ಯಾರೂ ನನಗೆ ತಿರುಗಿ ಉತ್ತರ ಕೊಟ್ಟಿಲ್ಲ. ಅವರನ್ನು ನಾನು ಕರೆದೇ ಇಲ್ಲ," ಅಂದರು. "ಅದಕ್ಕೇ ನನ್ನ ಮಾತು ಅಷ್ಟು ಚೂಪಾಗಿ ಕಾಣುವುದು. ಈ ಮನುಷ್ಯ ಕಷ್ಟದ ದಾರಿ ಹಿಡಿದಿದ್ದಾರೆ. ಆ ದಾರಿಯನ್ನು ನಾವು ಕತ್ತರಿಸಿ, ಬಿದ್ದದ್ದು ಅವರೇ ಅನ್ನುತ್ತಿದ್ದೇವೆ. ಇದನ್ನು ನೋಡಿದ ಮೇಲೆ ನಾನೊಬ್ಬಳೇ ಆ ಮೇಜಿನಲ್ಲಿ ಕೂರುವುದಿಲ್ಲ."

ಯಜಮಾನರು ನನ್ನ ಕಡೆ ನೋಡಿದರು. ಬಸ್ಸಿನಿಂದ ಇಳಿದಾಗಿನಿಂದ ತಲೆಯಲ್ಲಿ ಸುತ್ತುತ್ತಿದ್ದದ್ದನ್ನು ಆಗ ಹೇಳಿದೆ. ಕಂತು ತೆಗೆಯುವುದು ಬೇಡ. ತೆಗೆದರೆ ಭಾಯಿ ಮಾಡಬಾರದ್ದು ಮಾಡಿದರು ಅಂತ ನಾವೇ ಸಹಿ ಹಾಕಿದ ಹಾಗೆ. ಈ ಶುಕ್ರವಾರ ಮೂವತ್ತು ನಿಮಿಷವನ್ನೂ ಹಾಗೇ ಹಾಕೋಣ, ಜಾಹೀರಾತು ತೆಗೆದು ಜಾಗ ಮಾಡಿ. ಮೊದಲಿಗೆ ನಾನು ಕ್ಯಾಮೆರಾ ಮುಂದೆ ಕೂತು ಕತ್ತರಿಸಿದವಳು ನಾನು ಅಂತ ಹೇಳುತ್ತೇನೆ. ಯಜಮಾನರು ಜಾಹೀರಾತಿನ ಪಟ್ಟಿ ಎಳೆದುಕೊಂಡು ನೋಡಿದರು. "ಸದಸ್ಯರು ಒಪ್ಪಿದ್ರೆ ಹಾಕಿ. ಇಲ್ಲಾಂದ್ರೆ ತೆಗೀರಿ" ಅಂದರು.

ಫೋನಿನಲ್ಲಿ ಕೇಳಬಹುದಿತ್ತು. ಎದುರಿಗೇ ಹೋಗಬೇಕು ಅನಿಸಿತು, ಹೋದೆ. ಬುಧವಾರ ಹನ್ನೊಂದರ ಬಿಸಿಲಲ್ಲಿ ಸದಸ್ಯರು ಮನೆ ಜಗಲಿಯ ಮೇಲೆ ಬನಿಯನ್ನಿನಲ್ಲಿ ಕೂತಿದ್ದರು. ಪರಿಚಯ ಹೇಳಿಕೊಂಡೆ. ಅವರ ಮನೆಯವರು ಕಾಫಿ ತಂದಿಟ್ಟು ಬಾಗಿಲ ಹತ್ತಿರವೇ ನಿಂತರು.

"ನೀನೇ ಏನಮ್ಮ ಕತ್ರಿಸ್ದೋಳು?"

"ನಾನೇ."

"ಭಾಯಿ ಯೋಳ್ನಿಲ್ವಾ ಕತ್ರುಸು ಅಂತ?"

"ಅವರಿಗೆ ಗೊತ್ತೇ ಇರಲಿಲ್ಲ. ಟೀವಿಯಲ್ಲೇ ನೋಡಿದ್ದು, ನಿಮ್ಮ ಹಾಗೇ."

ಅವರು ಲೋಟ ಎತ್ತಿದವರು ಕುಡಿಯದೆ ಕೆಳಗಿಟ್ಟರು. "ನಾನ್ ಅಂದಿದ್ದ ಅವ್ನೇ ತೆಗುಸ್ಬುಟ್ಟ ಅಂದ್ಕಂಡಿದ್ದೆ. ಅವ್ನು ಗೆಲ್ಲಕ್ಕೆ ನನ್ ಬಾಯ್ ಮುಚ್ಸ್ದ ಅಂತ. ಅದ್ಕೇಯ ಓಗ್ನಿಲ್ಲ. ಬೈದಿದ್ಕಲ್ಲ. ಅವ್ನು ನನ್ನ ದಿನಾ ಬೈತಾನೆ."

ಆಮೇಲೆ ನನ್ನನ್ನು ಬೈದರು. ಕಾಲು ಗಂಟೆ ಬೈದರು. ಊರಲ್ಲಿ ತಲೆ ಎತ್ತಿ ಓಡಾಡದ ಹಾಗಾಯಿತು ಅಂದರು, ಅವನು ಅಷ್ಟು ಅಂದರೂ ನೀನು ಸುಮ್ಮನಿದ್ದೆಯಾ ಅಂತ ಕೇಳಿದವರಿಗೆ ಉತ್ತರ ಕೊಟ್ಟು ಸಾಕಾಯಿತು ಅಂದರು, ನಿನ್ನನ್ನು ಓದಿಸಿದವರು ಯಾರು ಅಂತಲೂ ಕೇಳಿದರು. ನಾನು ತಲೆ ತಗ್ಗಿಸಲಿಲ್ಲ. ತಗ್ಗಿಸಿದರೆ ಅವರು ನಿಲ್ಲಿಸಿಬಿಡುತ್ತಾರೆ, ಪೂರ್ತಿ ಆಗಲಿ ಅನಿಸಿತು. ಅವರು ಬೈದು ಸುಸ್ತಾದ ಮೇಲೆ ನಾನು ಬಂದ ಕಾರಣ ಹೇಳಿದೆ. ಪೂರ್ತಿ ಹಾಕಿದರೆ ಪೈಪು ಕೂಡಿಸಿಲ್ಲ ಅಂತ ಅವರೇ ಒಪ್ಪಿಕೊಂಡದ್ದೂ ಬರುತ್ತದೆ ಅಂತಲೂ ಹೇಳಿದೆ. ಅದನ್ನು ಮುಚ್ಚಿಟ್ಟು ಒಪ್ಪಿಗೆ ಕೇಳುವ ಧೈರ್ಯ ನನಗಿರಲಿಲ್ಲ.

ಅವರು ಬಾಗಿಲ ಕಡೆ ನೋಡಿದರು. ಪಂಚಾಯ್ತಿ ಚುನಾವಣೆ ದೂರವಿರಲಿಲ್ಲ.

"ಅದೊಂದ್ ಮಾತ ಬುಟ್ಬುಟ್ಟು ಮಿಕ್ಕಿದ್ನ ಆಕಕ್ ಆಗಲ್ವಾ?" ಅಂದರು.

"ಆಗುತ್ತೆ. ಮತ್ತೆ ಕತ್ತರಿಸಬೇಕು."

ಬಾಗಿಲಲ್ಲಿದ್ದ ಅವರ ಮನೆಯವರು, "ನೀರು ಬಂದಿಲ್ಲ ಅಂತ ಊರ ಎಣ್ಣೈಕ್ಳಿಗೆಲ್ಲ ಗೊತ್ತು. ಇನ್ ಟೀವೀಲಿ ಮುಚ್ಚಿ ಯಾರ್ಗೆ?" ಅಂದು ಒಳಗೆ ಹೋದರು.

ಸದಸ್ಯರು ಕಾಫಿ ಪೂರ್ತಿ ಕುಡಿದರು. "ಆಕು. ಒಂದ್ ಮಾತೂ ಬುಡ್ಬ್ಯಾಡ. ನಾನು ತಡವರ್ಸಿದ್ದೂ ಇರ್ಲಿ."

ಶುಕ್ರವಾರ ಮೂವತ್ತು ನಿಮಿಷ ಹೋಯಿತು. ಮೊದಲಿಗೆ ನಾನು ಮೂರು ವಾಕ್ಯ ಹೇಳಿದೆ: ಕಳೆದ ವಾರ ಆರು ನಿಮಿಷ ಕತ್ತರಿಸಿದ್ದು ನಾನು, ಕೊನೆಯ ನಗು ಬೇರೆ ಕಡೆಯಿಂದ ತಂದು ಅಂಟಿಸಿದ್ದೂ ನಾನು, ನಿರೂಪಕರಿಗೂ ಸದಸ್ಯರಿಗೂ ಇದು ಗೊತ್ತಿರಲಿಲ್ಲ. ಹದಿಮೂರು ಸಲ ತಪ್ಪಿ ಹದಿನಾಲ್ಕನೆಯ ಸಲಕ್ಕೆ ಸರಿಯಾಗಿ ಹೇಳಿದೆ. ಕ್ಯಾಮೆರಾ ಎದುರಿಗೆ ಕೂರುವುದು ಏನು ಅಂತ ಆವತ್ತು ತಿಳಿಯಿತು.

ಕತ್ತರಿಸಿದ ತುಣುಕು ಓಡಿದಷ್ಟು ದೂರ ಪೂರ್ತಿ ಕಂತು ಓಡಲಿಲ್ಲ. ಕೆಟ್ಟ ಮಾತುಗಳೇನೂ ಅಳಿಸಿಹೋಗಲಿಲ್ಲ, ಕೆಲವು ಇವತ್ತಿಗೂ ಅಲ್ಲೇ ಇವೆ. ಆದರೆ ನಮ್ಮ ಸುತ್ತಿನ ಊರಿನವರು ನೋಡಿದರು. ಆ ರಾತ್ರಿಯೇ ಯಜಮಾನರಿಗೆ ನಾನು ಎರಡು ಪುಟದ ಬದಲು ನಾಲ್ಕು ಸಾಲು ಬರೆದುಕೊಟ್ಟೆ. ಒಂದು ವಾರ ಟೀಚರ್, ಒಂದು ವಾರ ಭಾಯಿ. ಯಾರ ಮೇಲೆ ಮಾತೋ ಅವರ ಉತ್ತರ ಪೂರ್ತಿ ಇರಬೇಕು. ಕತ್ತರಿಸುವ ಮುಂಚೆ ಮಾತಾಡಿದವರಿಗೆ ತೋರಿಸಬೇಕು. ಯಜಮಾನರು ಓದಿ, "ಮೊದ್ಲು ಭಾಯಿ ಬರ್ತಾರಾ ಕೇಳಿ" ಅಂದರು. ಪ್ರಸಾರ ಮುಗಿದ ಕೂಡಲೇ ಭಾಯಿ ಫೋನಿನಲ್ಲಿ "ನೋಡ್ದೆ ಕಣಮ್ಮ" ಅಂದಿದ್ದರು, ಅಷ್ಟೆ. ಬರುತ್ತೇನೆ ಅಂದಿರಲಿಲ್ಲ.

ಮರುದಿನ, ಶನಿವಾರ ಬೆಳಗ್ಗೆ, ಮತ್ತೆ ಮದ್ದೂರು. ಸದಸ್ಯರು ನನಗಿಂತ ಮುಂಚೆ ಬಂದು ಬೆಂಚಿನ ಮೇಲೆ ಪೇಪರು ಬಿಡಿಸಿಕೊಂಡು ಕೂತಿದ್ದರು. ಭಾಯಿ ಒಂದು ಗಾಡಿಯ ಕೆಳಗೆ ಬಗ್ಗಿದ್ದರು. ಇಬ್ಬರೂ ಮಾತಾಡುತ್ತಿರಲಿಲ್ಲ. ಕಾರ್ಯಕ್ರಮಕ್ಕೆ ಬರುತ್ತೀರಾ ಅಂತ ಆಮೇಲೆ ಕೇಳೋಣ ಅಂದುಕೊಂಡು ಗಾಡಿಗಳ ಪಕ್ಕ ನಿಂತುಕೊಂಡೆ.

ಅಷ್ಟರಲ್ಲಿ ಗುರುತಿಲ್ಲದ ಒಬ್ಬ ಮನುಷ್ಯ ಬೈಕು ನಿಲ್ಲಿಸಿ, ಫೋನು ಎತ್ತಿ ಹಿಡಿದು, ಅಂಗಡಿಯ ಬೋರ್ಡಿನಿಂದ ಶುರುಮಾಡಿ ಭಾಯಿಯ ಮುಖದವರೆಗೆ ತಂದ. "ಏನ್ ಭಾಯಿ, ನಮ್ ಮುಖಂಡರ ಬಗ್ಗೆ ಭಾರೀ ಮಾತಾಡಿದ್ರಂತೆ" ಅಂದ. ಭಾಯಿ ಸ್ಪ್ಯಾನರು ಹಿಡಿದ ಕೈ ಹಾಗೇ ನಿಲ್ಲಿಸಿದರು.

ಸದಸ್ಯರು ಪೇಪರು ಮಡಿಸಿ ಎದ್ದು ಹೋಗಿ ಫೋನಿಗೂ ಭಾಯಿಗೂ ನಡುವೆ ನಿಂತರು.

"ಅವ್ನು ಬೈದಿದ್ದು ನನ್ನ. ಆ ಮುಖಂಡ ನಾನೇಯ. ಇಲ್ಲೇ ಕುಂತಿವ್ನಿ," ಅಂದರು. "ನಿಂಗೇನ್ಲಾ ಬಾಧೆ?"

ಆ ಮನುಷ್ಯ ಫೋನು ಇಳಿಸಿ ಏನೋ ಗೊಣಗಿಕೊಂಡು ಹೊರಟುಹೋದ. ಬೈಕಿನ ಸದ್ದು ದೂರವಾಗುವವರೆಗೆ ಸದಸ್ಯರು ಅಲ್ಲೇ ನಿಂತಿದ್ದು ಆಮೇಲೆ ಬಂದು ಕೂತರು. ಭಾಯಿ ಗಾಡಿಯ ಕೆಳಗಿನಿಂದ ತಲೆ ಎತ್ತಲಿಲ್ಲ.

"ಪೈಪು?" ಅಂದರು.

"ಸೋಮ್ವಾರ ಬತ್ತದೆ."

"ಯಾವ್ ಸೋಮ್ವಾರ ಅಂತ ಸುಕ್ರುವಾರ ಕೇಳ್ತೀನಿ," ಅಂದರು ಭಾಯಿ. "ಪೋನು ಆನ್ ಮಾಡ್ಕಂಡಿರು."